ಹದಿನಾರು ಜನರ ಡೇರೆ

ಮನೆ ಕಟ್ಟಿಸುವವನನ್ನು ಯಾರೂ "ಎಷ್ಟು ಜನ ಮಲಗುತ್ತೀರಿ?" ಎಂದು ಕೇಳುವುದಿಲ್ಲ. ಎಷ್ಟು ಅಂಕಣ, ಬಾಗಿಲು ಯಾವ ದಿಕ್ಕಿಗೆ, ಹೆಂಚೋ ತಾರಸಿಯೋ ಎಂದೆಲ್ಲ ವಿಚಾರಿಸಿ ಸುಮ್ಮನಾಗುತ್ತಾರೆ. ಡೇರೆ ಕೊಳ್ಳಲು ಹೋದವನನ್ನು ಮಾತ್ರ ಮೊದಲು ಕೇಳುವುದು ಅದೊಂದನ್ನೇ: ಎಷ್ಟು ಜನ? ಈ ಪ್ರಶ್ನೆಗೆ ನಾನು ಹಾಸನದಲ್ಲಿ ಒಮ್ಮೆ ಸರಿಯಾದ ಉತ್ತರ ಕೊಟ್ಟೆ. ನಾಲ್ಕು ದಿನ ಕಳೆದ ಮೇಲೆ ನಮ್ಮೂರಿನಲ್ಲಿ ತಪ್ಪು ಉತ್ತರ ಕೊಟ್ಟೆ. ಆಗಲೇ ಹನ್ನೊಂದು ವರ್ಷವಾಯಿತು. ಇವತ್ತಿಗೂ ಯಾರದಾದರೂ ಮದುವೆ ಮನೆಯ ಮುಂದೆ ಶಾಮಿಯಾನದ ಗೂಟ ಹೊಡೆಯುವ ಸದ್ದು ಕೇಳಿದರೆ ನನ್ನ ಕಿವಿಯ ತುದಿ ಬಿಸಿಯಾಗುತ್ತದೆ.

ನಾನು ಡೇರೆಗಳನ್ನು ಬಲ್ಲವನು ಎಂದು ಮೊದಲೇ ಹೇಳಿಬಿಡುತ್ತೇನೆ. ಇದು ಜಂಬವಲ್ಲ. ಅಲ್ಲ, ಜಂಬವೇ. ಮುಂದೆ ನಡೆದದ್ದರಲ್ಲಿ ಅದರ ಪಾಲು ದೊಡ್ಡದು. ಹೊಳೆನರಸೀಪುರ ನನ್ನ ಹುಟ್ಟೂರಾದರೂ ಗುಮಾಸ್ತನಾಗಿ ಕಣ್ಣು ಬಿಟ್ಟದ್ದು ಅರಕಲಗೂಡಿನಲ್ಲಿ. ದೊಡ್ಡ ಅಧಿಕಾರಿಗಳು ಕಂದಾಯದ ಲೆಕ್ಕ ನೋಡುವ ಜಮಾಬಂದಿಗೆಂದು ಸುತ್ತಾಟಕ್ಕೆ ಬಂದರೆ, ಬಂಗಲೆ ಇಲ್ಲದ ಕಡೆ ಡೇರೆ ಹಾಕಿಸಬೇಕಾಗಿತ್ತು. ಕೊಣನೂರಿನ ಬಳಿ ಕಾವೇರಿಯ ದಂಡೆಯ ಮೇಲೆ ಬೆಳ್ಳಗಿನ ಡೇರೆಗಳು ಎದ್ದು ನಿಂತರೆ ಸಂತೆಗೆ ಬಂದವರೆಲ್ಲ ಅಲ್ಲಿಯೇ ನಿಂತು ನೋಡುವರು. ಗೂಟ ಹೊಡೆಯುವುದು ನನ್ನ ಕೆಲಸವಲ್ಲ. ಹೊಡೆಯುವವರ ಪಕ್ಕದಲ್ಲಿ ಸಾಮಾನಿನ ಪಟ್ಟಿ ಹಿಡಿದು ನಿಲ್ಲುವುದು. ಆದರೆ ಮೂರು ವರ್ಷ ಹಾಗೆ ನಿಂತವನಿಗೆ, ಗೂಟಗಳನ್ನೆಲ್ಲ ತಾನೇ ಹೊಡೆದೆನೆಂಬ ಭಾವನೆ ಬಂದುಬಿಡುತ್ತದೆ. ರಾವುಟಿ ಎಂದರೇನು, ಸುತ್ತ ಕಟ್ಟುವ ಬಟ್ಟೆಗೋಡೆಯ ಕನಾತು ಎಂದರೇನು, ಒಂದು ಕಂಬದ್ದು ಯಾವುದು, ಎರಡು ಪದರದ್ದು ಯಾವುದು ಎಂದು ಯಾರೂ ಕೇಳದಿದ್ದರೂ ಹೇಳುತ್ತಿದ್ದೆ. ನಮ್ಮ ಭಾಷೆಯಲ್ಲಿ 'ಬೀಡು' ಎನ್ನುವ ಮಾತಿದೆಯಲ್ಲ, ಅದಕ್ಕೆ ಇಳಿದುಕೊಳ್ಳುವ ತಾಣ ಎಂದೂ ಅರ್ಥ, ವಾಸದ ಮನೆ ಎಂದೂ ಅರ್ಥ. 'ಪಾಳೆಯ' ಎಂದರೂ ಡೇರೆಗಳ ಸಾಲೇ. ಅಲ್ಲಿಗೆ ಪಾಳೆಯಗಾರರು ಆಳಿದ ನಮ್ಮೂರು ಒಂದು ಕಾಲಕ್ಕೆ ಡೇರೆಯವರ ಊರೇ ಆಗಿತ್ತು ಎಂದು ಕಚೇರಿಯಲ್ಲಿ ಎಲೆಅಡಿಕೆ ಹಾಕುತ್ತಾ ನಾನು ವಾದಿಸಿದ್ದುಂಟು. ಕೇಳಿದವರು ಆಕಳಿಸಿದ್ದೂ ಉಂಟು.

ನನ್ನ ಈ ಪಾಂಡಿತ್ಯಕ್ಕೆ ಒಂದು ಅವಕಾಶ ಸಿಕ್ಕಿದ್ದು ಪ್ಲೇಗಿನ ಕೃಪೆಯಿಂದ. ಆ ಹೊತ್ತಿಗೆ ನನಗೆ ಹೊಳೆನರಸೀಪುರಕ್ಕೇ ವರ್ಗವಾಗಿ ಎರಡು ವರ್ಷವಾಗಿತ್ತು. ಆಶ್ವಯುಜ ಮುಗಿಯುವಾಗ ಒಂದು ಬೆಳಗ್ಗೆ ನಮ್ಮ ಮನೆಯ ಕಣಜದ ಹಿಂದೆ ಸತ್ತ ಇಲಿ ಸಿಕ್ಕಿತು. ಇದನ್ನು ನೀವು ಗಮನಿಸಬೇಕು: ನಮ್ಮ ಬೀದಿಯಲ್ಲಿ ಮೊದಲ ಇಲಿ ಬಿದ್ದದ್ದು ನಮ್ಮ ಮನೆಯಲ್ಲಿ, ಬೇರೆ ಯಾರ ಮನೆಯಲ್ಲೂ ಅಲ್ಲ. ಇಲಿ ಬಿದ್ದರೆ ಊರು ಬಿಡಬೇಕು. ಅದು ಆಗ ಎಲ್ಲರಿಗೂ ಗೊತ್ತಿದ್ದ ಶಾಸ್ತ್ರ. ತೋಳಿಗೆ ಸೂಜಿ ಚುಚ್ಚಿಸಿಕೊಂಡು, ಪಾತ್ರೆ ಪಡಗ ಗಾಡಿಗೆ ಹೇರಿಕೊಂಡು, ಊರಾಚೆಯ ಬೀಳುಗಳಲ್ಲಿ ತೆಂಗಿನ ಗರಿಯ ಗುಡಿಸಲು ಕಟ್ಟಿಕೊಂಡು, ರೋಗ ತಣ್ಣಗಾಗುವವರೆಗೆ ಎರಡು ಮೂರು ತಿಂಗಳು ಅಲ್ಲಿಯೇ ಇರುವುದು.

ಎಲ್ಲರೂ ಗರಿ ಹೊಂದಿಸಲು ಓಡಾಡುತ್ತಿದ್ದಾಗ ನಾನು ಘೋಷಿಸಿದೆ: "ನಾವು ಗುಡಿಸಲಿಗೆ ಹೋಗುವುದಿಲ್ಲ. ಡೇರೆ ತರುತ್ತೇನೆ."

ನಮ್ಮ ಮನೆಯಲ್ಲಿ ಹನ್ನೊಂದು ಜನ. ಅವ್ವ, ನಾನು, ನನ್ನ ಹೆಂಡತಿ ಗೌರಮ್ಮ, ನಮ್ಮ ನಾಲ್ಕು ಮಕ್ಕಳು, ನನ್ನ ತಮ್ಮ, ಅವನ ಹೆಂಡತಿ, ಅವರ ಇಬ್ಬರು ಮಕ್ಕಳು. ನಮ್ಮ ಗೋಡೆಗೆ ಗೋಡೆ ಸೇರಿದ ಮನೆ ಕೆಂಚೇಗೌಡನದು. ನನಗಿಂತ ನಾಲ್ಕು ವರ್ಷ ಚಿಕ್ಕವನು. ಹೊಳೆಯಾಚೆ ಹೊಲ, ಒಂದು ಜೊತೆ ಎತ್ತು, ಒಂದು ಹಸು, ಗಾಡಿ. ಮನೆಯಲ್ಲಿ ವಯಸ್ಸಾದ ಅಪ್ಪ, ಹೆಂಡತಿ ಪುಟ್ಟಮ್ಮ, ಇಬ್ಬರು ಹೆಣ್ಣುಮಕ್ಕಳು. ಪುಟ್ಟಮ್ಮನಿಗೆ ಆಗ ಏಳು ತಿಂಗಳು ತುಂಬಿತ್ತು. ನನ್ನ ಘೋಷಣೆ ಗೋಡೆಯಾಚೆ ಕೇಳಿಸಿರಬೇಕು. ಕೆಂಚೇಗೌಡ ಬಂದು ಜಗುಲಿಯ ಕೆಳಗೆ ನಿಂತ.

"ಸಾ, ಡೇರೆ ತತ್ತೀರಂತೆ. ದೊಡ್ದಾಗಿರೋದೇ ತನ್ನಿ. ನಮ್ಮೋಳು ಬಸ್ರಿ, ಅಪ್ಪಂಗೆ ನೋಡುದ್ರೆ ಚಳಿ ತಡಿಯಾಕಿಲ್ಲ. ಒಂದ್ ಮೂಲೇಲಿ ನಮ್ಗೂ ಒಸಿ ಜಾಗ ಆದ್ರೆ ಸಾಕು. ಗಾಡಿ ನಂದು, ಆಳ್ತನ ನಂದು."

"ಅದಕ್ಕೇನಂತೆ, ಬಾರಯ್ಯ," ಎಂದೆ. ಹಾಗೆ ಹೇಳುವುದು ಬಹಳ ಸುಲಭವಾಗಿತ್ತು. ಇನ್ನೂ ತಾರದ ಡೇರೆಯಲ್ಲಿ ಜಾಗ ಕೊಡುವುದಕ್ಕೆ ಯಾರಿಗೆ ಕಷ್ಟ?

ಮುಂಜಾನೆ ಗಾಡಿ ಕಟ್ಟಿ ಹೊರಟವರು ಸಂಜೆಗೆ ಹಾಸನ ಸೇರಿದೆವು. ಮಾರನೆಯ ಬೆಳಗ್ಗೆ ನಾನು ಕೆಲಸದ ಸಂಬಂಧದಲ್ಲಿ ಕಂಡಿದ್ದ ರಹೀಮ್ ಸಾಬರ ಮನೆಗೆ ಹೋದೆವು. ಸಾಬರು ಡೇರೆ ಹೊಲಿಯುವುದರಲ್ಲಿಯೇ ಮುದುಕರಾದವರು. ಅವರ ಬೆರಳಿನ ತುದಿಗಳು ದಬ್ಬಣ ಹಿಡಿದು ಹಿಡಿದು ಕೊಂಬಿನಂತಾಗಿದ್ದವು. ನಾನು ಎರಡು ಪದರ, ಒಂದು ಕಂಬ ಎಂದು ನನ್ನ ಪಾಂಡಿತ್ಯದ ಗಂಟು ಬಿಚ್ಚುವ ಮೊದಲೇ ಅವರು ಕೇಳಿದರು:

"ಅದೆಲ್ಲ ಇರಲಿ ಸ್ವಾಮಿ. ಮಂದಿ ಎಷ್ಟು?"

ನಾನು ಬಾಯಿ ತೆರೆಯುವುದರೊಳಗೆ ಕೆಂಚೇಗೌಡ ಬೆರಳು ಮಡಿಚಿ ಎಣಿಸಿದ. "ಇವರ ಕಡೆ ಅನ್ನೊಂದು. ನಮ್ ಕಡೆ ಐದು."

"ಹದಿನಾರು," ಎಂದೆ ನಾನು. ನನ್ನ ಸರಿಯಾದ ಉತ್ತರ ಇದೇ.

ಸಾಬರು ಹಿತ್ತಿಲಿನ ಬಯಲಿನಲ್ಲಿ ಮೂರು ಡೇರೆ ಎಬ್ಬಿಸಿ ತೋರಿಸಿದರು. ಮೊದಲನೆಯದು ಸಣ್ಣ ರಾವುಟಿ. ನಾಲ್ಕು ಜನಕ್ಕೆ ಸಾಕು. ಎರಡನೆಯದು ಗುಂಡನೆಯ ಡೇರೆ, ನಡುವೆ ಒಂದೇ ಕಂಬ, ನೋಡಲು ಬಲು ಚೆಂದ. ನನಗೆ ಅದರ ಮೇಲೆಯೇ ಕಣ್ಣು. ಒಳಗೆ ಹೋಗಿ ನಿಂತು, ತಲೆಯ ಮೇಲಿನ ಎತ್ತರ ನೋಡಿ, "ಭೇಷ್" ಎಂದೆ. ಸಾಬರು ನಕ್ಕರು.

"ನಿಂತು ನೋಡಬಾರದು ಸ್ವಾಮಿ. ಡೇರೆಯಲ್ಲಿ ನಿಲ್ಲೋರು ಯಾರು? ಮಲಗಿ ನೋಡಿ."

ಮಲಗಿ ನೋಡುವುದು ನನ್ನ ಅಂತಸ್ತಿಗೆ ಸರಿಹೋಗಲಿಲ್ಲ, ಮೈಮೇಲೆ ಕೋಟಿತ್ತು. ಕೆಂಚೇಗೌಡ ಮಲಗಿದ. ಗುಂಡನೆಯ ಡೇರೆಯಲ್ಲಿ ಕಾಲನ್ನು ಕಂಬದ ಕಡೆ ಚಾಚಿ ಮಲಗಿ, ಎದ್ದು, ಪಕ್ಕಕ್ಕೆ ಸರಿದು ಮತ್ತೆ ಮಲಗಿ, "ಇದ್ರಾಗೆ ಅತ್ತು ಜನದ್ ಮ್ಯಾಲಾದ್ರೆ ಕಾಲಿಗ್ ಕಾಲು ತಗುಲ್ತದೆ ಸಾ" ಎಂದ. ಮೂರನೆಯದು ದೊಡ್ಡದು. ಎರಡು ಕಂಬ, ಎರಡು ಪದರದ ಮಾಡು, ನಡುವೆ ಪರದೆ ಇಳಿಬಿಟ್ಟು ಹಿಂದೊಂದು ಕೋಣೆ, ಮುಂದೊಂದು ಕೋಣೆ. ಯಾವುದೋ ಸಾಹೇಬರಿಗೆಂದು ಹೊಲಿದದ್ದಂತೆ. ಅದರಲ್ಲಿ ಕೆಂಚೇಗೌಡ ಹದಿನಾರು ಸಲ ಮಲಗಿದ. ಸುಳ್ಳಲ್ಲ, ನಾನು ಎಣಿಸಿದ್ದೇನೆ. "ಇಲ್ಲಿ ಅಮ್ಮಾರು. ಪೂಜೆಗೆ ಮೂಡ್ಲು ಮುಖ ಬೇಕಲ್ವಾ? ಇಲ್ಲಿ ಗೌರಮ್ನೋರು. ಇಲ್ಲಿ ನಿಮ್ ಮಕ್ಳು, ಒಂದು, ಎರಡು..." ಮಕ್ಕಳ ಜಾಗದಲ್ಲಿ ಮಲಗುವಾಗ ಮೊಳಕಾಲು ಮಡಿಚಿಕೊಳ್ಳುವನು. ಹಿಂದಿನ ಕೋಣೆ ನಮ್ಮ ಹನ್ನೊಂದು ಜನಕ್ಕೆ ಸರಿಹೋಯಿತು. ಮುಂದಿನ ಕೋಣೆಗೆ ಬಂದು ಅಪ್ಪನ ಜಾಗ, ಮಕ್ಕಳ ಜಾಗ ತೋರಿಸಿ, ಕೊನೆಗೆ ಬಾಗಿಲಿಗೆ ಅಡ್ಡವಾಗಿ ತಾನು ಮಲಗಿದ. "ನಾನಿಲ್ಲಿ. ಗಾಳಿ ಬಂದ್ರೆ ನಂಗ್ ಮೊದ್ಲು ತಗ್ಲಲಿ."

ಸಾಬರು ನನ್ನ ಕಡೆ ತಿರುಗಿ, "ಡೇರೆ ಆರಿಸೋದು ಇವರಿಗೆ ಗೊತ್ತು ಸ್ವಾಮಿ" ಎಂದರು. ನನಗೆ ಸ್ವಲ್ಪ ಚುಚ್ಚಿತು. ಪಾಂಡಿತ್ಯ ನನ್ನದು, ಹೊಗಳಿಕೆ ಅವನಿಗೆ. ಈ ಸಣ್ಣ ಮುಳ್ಳನ್ನೂ ನಾನು ಮುಚ್ಚಿಡುವುದಿಲ್ಲ. ಊರಿಗೆ ಹಿಂತಿರುಗುವ ದಾರಿಯುದ್ದಕ್ಕೂ ಅದು ನನ್ನ ಜೊತೆಗೇ ಗಾಡಿಯಲ್ಲಿ ಕುಳಿತು ಬಂತು.

ಹರದನಹಳ್ಳಿಯ ದಾರಿಯಲ್ಲಿ, ನೀರು ನಿಲ್ಲದ ಎತ್ತರದ ಬೀಳೊಂದರಲ್ಲಿ ನಮ್ಮ ಬೀದಿಯವರೆಲ್ಲ ಜಾಗ ಹಿಡಿದಿದ್ದರು. ಕೆಂಚೇಗೌಡನೇ ಬಿದಿರು ಸೀಳಿ ಹೊಸ ಗೂಟ ಮಾಡಿದ. ಅವನೂ ನನ್ನ ತಮ್ಮನೂ ಸೇರಿ ಡೇರೆ ಎಬ್ಬಿಸಿದರು. ನಾನು ಪಕ್ಕದಲ್ಲಿ ನಿಂತಿದ್ದೆ, ಹಳೆಯ ಅಭ್ಯಾಸ. ಸುತ್ತಲೂ ಗರಿಯ ಗುಡಿಸಲುಗಳು ಮುದುರಿಕೊಂಡು ಕುಳಿತಿದ್ದರೆ ನಡುವೆ ನಮ್ಮ ಡೇರೆ ಬೆಳ್ಳಗೆ ಎದ್ದು ನಿಂತಿತು. ಅಂದು ಮಧ್ಯಾಹ್ನ ನಮ್ಮ ಕಚೇರಿಯ ಹಿರಿಯ ಗುಮಾಸ್ತರು ಸೈಕಲ್ಲಿನಲ್ಲಿ ಆ ದಾರಿಯಾಗಿ ಹೋಗುತ್ತಿದ್ದವರು ಇಳಿದು ಬಂದು ಒಳಗೆ ಇಣುಕಿದರು.

"ಏನಯ್ಯಾ, ಸಾಕ್ಷಾತ್ ಡೆಪ್ಯುಟಿ ಕಮಿಷನರ ಕ್ಯಾಂಪೇ ಆಗಿದೆಯಲ್ಲ! ಮುಂದಿನ ಕೋಣೆಯಲ್ಲಿ ಒಂದು ಮೇಜು, ಒಂದು ಕುರ್ಚಿ ಹಾಕಿದರೆ ಮುಗಿಯಿತು."

ಮುಗಿಯಿತು. ಮುಗಿದದ್ದು ನನ್ನ ಬುದ್ಧಿ. ಅವರು ಸೈಕಲ್ ಹತ್ತಿ ಹೋದ ಮೇಲೂ ಆ ಮೇಜು, ಆ ಕುರ್ಚಿ ನನ್ನ ಕಣ್ಣೆದುರಿಗೇ ನಿಂತಿದ್ದವು. ಮೂರು ವರ್ಷ ಕೊಣನೂರಿನ ಹೊಳೆದಂಡೆಯ ಮೇಲೆ ಬಾಗಿಲಾಚೆ ನಿಂತೇ ನೋಡಿದ್ದ ಮೇಜು. ಅದರ ಹಿಂದೆ ಕಾಲ ಮೇಲೆ ಕಾಲು ಹಾಕಿ ಕುಳಿತವರ ಗತ್ತು. ಒಮ್ಮೆಯಾದರೂ ಆ ಕಡೆ ಕೂರಬೇಕು ಎನಿಸಿತು. ಪ್ಲೇಗಿನ ಭಯದಿಂದ ಹಾಗೆ ಮಾಡಿದೆ ಎಂದರೆ ನೀವು ಕ್ಷಮಿಸುತ್ತೀರಿ, ಭಯ ಮನುಷ್ಯನದೇ. ಆದರೆ ಇಲಿ ಬಿದ್ದದ್ದು ನಮ್ಮ ಮನೆಯಲ್ಲಿ. ಭಯಪಡಬೇಕಾಗಿದ್ದರೆ ಕೆಂಚೇಗೌಡ ನಮ್ಮನ್ನು ಕಂಡು ಭಯಪಡಬೇಕಾಗಿತ್ತು. ನಾನು ಮಾಡಿದ್ದು ಒಂದು ಮೇಜಿಗಾಗಿ.

ಸಂಜೆ ಅವನು ಮನೆಯ ಸಾಮಾನು ತರಲು ಗಾಡಿ ಕಟ್ಟುತ್ತಿದ್ದಾಗ ನಾನು ಹತ್ತಿರ ಹೋದೆ. ಎತ್ತಿನ ಕೊಂಬಿನ ಮೇಲೆ ಕೈಯಿಟ್ಟುಕೊಂಡು, ಅವನ ಮುಖ ನೋಡದೆ ಹೇಳಿದೆ: "ಕೆಂಚೇಗೌಡ, ಒಂದು ತೊಡಕಾಯಿತಯ್ಯ. ಅವ್ವ ಒಪ್ಪುತ್ತಿಲ್ಲ. ಅವಳ ಪೂಜೆ, ಮಡಿ... ಒಂದೇ ಸೂರಿನಡಿ ಎರಡು ಒಲೆ ಎಂದರೆ ಅವಳಿಗೆ ಆಗದು. ನಾನು ಎಷ್ಟೋ ಹೇಳಿದೆ."

ಅವನು ನೊಗದ ಹಗ್ಗ ಬಿಗಿಯುತ್ತಿದ್ದವನು ಒಂದು ಗಳಿಗೆ ನಿಲ್ಲಿಸಿದ. "ಅಮ್ಮಾರು ಅಂಗಂದ್ರಾ?" ಎಂದ. ಆಮೇಲೆ, "ದೊಡ್ಡೋರು ಸಾ. ಅವ್ರ ಪೂಜೆ ಕೆಡ್ಸಿ ನಾವೇನ್ ಉದ್ಧಾರ ಆಗೋದದೆ? ನಾಕು ಗರಿ ಕಡ್ಕಂಡ್ರೆ ಆಯ್ತು, ಬುಡಿ" ಎಂದು ಹಗ್ಗ ಬಿಗಿದ.

ಹದಿನಾರನ್ನು ಹನ್ನೊಂದು ಮಾಡಿದ ನನ್ನ ತಪ್ಪು ಉತ್ತರ ಇದೇ. ಅವ್ವ ಅಂಥ ಒಂದು ಮಾತನ್ನೂ ಆಡಿರಲಿಲ್ಲ. ಬದಲಾಗಿ ಮಧ್ಯಾಹ್ನದಿಂದ ಎರಡು ಸಲ, "ಪುಟ್ಟಮ್ಮ ಇನ್ನೂ ಬರ್ಲಿಲ್ವೇನಪ್ಪ?" ಎಂದು ಕೇಳಿದ್ದಳು. ಅವಳಿಗೂ ಒಂದು ಕತೆ ಹೊಲಿದೆ. "ಅವರಿಗೆ ಅಡುಗೆ ಬೇರೆಯಾಗಿಯೇ ಇರಬೇಕಂತವ್ವ. ನಮ್ಮ ಜೊತೆ ಸಂಕೋಚವಂತೆ." ಅವ್ವ, "ಅಂಗಂತಾ? ಇರ್ಲಿ, ಅವ್ರವ್ರ ಅನುಕೂಲ" ಎಂದಳು. ಗೌರಮ್ಮ ಮಾತ್ರ ನನ್ನನ್ನು ಒಂದು ಸಲ ನೋಡಿ ತನ್ನ ಕೆಲಸಕ್ಕೆ ತಿರುಗಿಕೊಂಡಳು.

ಕೆಂಚೇಗೌಡ ನಮ್ಮಿಂದ ಒಂದು ಕೂಗಳತೆಯಲ್ಲಿ ಗರಿಯ ಗುಡಿಸಲು ಕಟ್ಟಿದ. ಒಳ್ಳೆಯ ಗರಿ ಅಷ್ಟುಹೊತ್ತಿಗೆ ಊರಿನಲ್ಲಿ ಮುಗಿದಿತ್ತು. ಹಾಸನಕ್ಕೆ ಹೋಗಿ ಬಂದ ದಿನಗಳಲ್ಲಿ ಬೇರೆಯವರು ಕಡಿದುಕೊಂಡಿದ್ದರು. ಸಿಕ್ಕಿದ್ದು ಒಣಗಿದ್ದು, ಹರಿದದ್ದು. ನಾನು ಮುಂದಿನ ಕೋಣೆಯಲ್ಲಿ ಮನೆಯಿಂದ ತರಿಸಿದ ಮೇಜು ಹಾಕಿಸಿದೆ, ಕುರ್ಚಿ ಹಾಕಿಸಿದೆ. ಶಾಯಿಯ ದೌತಿ, ಎರಡು ಕಟ್ಟು ಕಾಗದ. ಅಷ್ಟಾದರೂ ಕೋಣೆ ಬಣಗುಡುತ್ತಿತ್ತು. ಕೆಂಚೇಗೌಡ ಆಗಾಗ ಹಾಲು ಕೊಡಲು ಬರುವವನು. ಖಾಲಿ ಜಾಗ ಅವನ ಕಣ್ಣಿಗೆ ಬೀಳಬಾರದಲ್ಲ! ರಾಗಿಯ ಮೂಟೆಗಳನ್ನು ಹಿಂದಿನ ಕೋಣೆಯಿಂದ ಮುಂದಕ್ಕೆ ತರಿಸಿದೆ. ಖಾಲಿ ತೊಟ್ಟಿಲು ತಂದಿಟ್ಟೆ. ಮುರಿದ ಬೆತ್ತದ ಪೆಟ್ಟಿಗೆಗಳನ್ನು ಊರಿನಿಂದ ಹೇರಿಸಿಕೊಂಡು ಬಂದೆ. ಪ್ಲೇಗಿಗೆ ಹೆದರಿ ಜನ ಬೇಕಾದ ಸಾಮಾನನ್ನೇ ಬಿಟ್ಟು ಬರುವಾಗ ನಾನು ಬೇಡದ ಸಾಮಾನು ಹೊತ್ತು ತರುತ್ತಿದ್ದುದನ್ನು ಕಂಡು ತಮ್ಮ, "ಅಣ್ಣಂಗೆ ಏನಾಗಿದೆ?" ಎಂದು ತನ್ನ ಹೆಂಡತಿಯನ್ನು ಕೇಳಿದನಂತೆ. ಒಂದು ಸುಳ್ಳನ್ನು ಸಾಕುವುದಕ್ಕೆ ಎಷ್ಟು ಮೇವು ಬೇಕು ನೋಡಿ.

ಆ ಕುರ್ಚಿಯಲ್ಲಿ ಕುಳಿತು ನಾನು ಏನು ಮಾಡಿದೆ ಎಂದು ಕೇಳುತ್ತೀರಾ? ಏನೂ ಮಾಡಲಿಲ್ಲ. ಕಾಲ ಮೇಲೆ ಕಾಲು ಹಾಕಿದೆ. ಮೊದಲ ವಾರ ಬೀಳಿನ ಜನ ಹೋಗುವಾಗ ಬರುವಾಗ ಕೈಮುಗಿದರು. ಎರಡನೆಯ ವಾರ ಅವರಿಗೆ ಅಭ್ಯಾಸವಾಗಿ ಸುಮ್ಮನೆ ಹೋದರು. ಮೂರನೆಯ ವಾರದ ಹೊತ್ತಿಗೆ ನನಗೆ ಬೆನ್ನು ನೋವು ಬಂದಿತ್ತು.

ಕಾರ್ತಿಕದ ಕೊನೆಯಲ್ಲಿ ಜಡಿಮಳೆ ಹಿಡಿಯಿತು. ಗುಡುಗಿಲ್ಲ, ಮಿಂಚಿಲ್ಲ, ಮೂರು ದಿನ ಒಂದೇ ಸಮನೆ ಸುರಿಯಿತು. ಜೊತೆಗೆ ಮೂಡಣ ಗಾಳಿ. ನಮ್ಮ ಡೇರೆ ಅಲುಗಲಿಲ್ಲ. ಒಂದು ಹನಿ ಒಳಗೆ ಬೀಳಲಿಲ್ಲ. ಸಾಬರ ಹೊಲಿಗೆ, ಕೆಂಚೇಗೌಡನ ಗೂಟ. ಬಿರುಗಾಳಿ ಬಂದು ಡೇರೆ ಹಾರಿ ನಾನು ನೆನೆದಿದ್ದರೆ, ತಪ್ಪಿಗೆ ಆಗಲೇ ಶಿಕ್ಷೆಯಾಯಿತೆಂದು ಇವತ್ತು ನೆಮ್ಮದಿಯಾಗಿ ಇರುತ್ತಿದ್ದೆ. ಹಾಗೇನೂ ಆಗಲಿಲ್ಲ. ನಾನು ಬೆಚ್ಚಗೆ ಕುಳಿತಿದ್ದೆ. ಒಂದು ಕೂಗಳತೆಯಲ್ಲಿ ಆ ಹರಕು ಗರಿಗಳು ಕಪ್ಪಗಾಗಿ ಬಾಗುತ್ತಿರುವುದು ಮಳೆಯ ಮರೆಯಲ್ಲಿ ಕಾಣುತ್ತಿತ್ತು. ಮೊದಲ ದಿನ ನೋಡಿದೆ. ಎರಡನೆಯ ದಿನ ಕುರ್ಚಿಯನ್ನು ಬೇರೆ ಕಡೆಗೆ ತಿರುಗಿಸಿಕೊಂಡೆ.

ಮೂರನೆಯ ದಿನ ಊಟದ ಹೊತ್ತಿಗೆ ಅವ್ವ ಗೋಣಿಕೊಪ್ಪೆ ಹೊದ್ದು, "ಪುಟ್ಟಮ್ಮನ್ನ ನೋಡ್ಕೊಂಡು ಬತ್ತೀನಿ" ಎಂದು ಹೊರಟಳು. "ಮಳೆಯಲ್ಲಿ ಯಾಕವ್ವ?" ಎಂದೆ. ಅವಳು ನಿಲ್ಲಲಿಲ್ಲ. ಗೌರಮ್ಮ ಜೊತೆಗೆ ಹೋದಳು. ಅಲ್ಲಿ ನಡೆದದ್ದನ್ನು ಎಷ್ಟೋ ದಿನದ ಮೇಲೆ ಗೌರಮ್ಮನೇ ನನಗೆ ಹೇಳಿದಳು.

ಗುಡಿಸಲಿನೊಳಗೆ ಪಾದ ಮುಳುಗುವಷ್ಟು ನೀರು. ಕಲ್ಲುಗಳ ಮೇಲೆ ಹಲಗೆಯಿಟ್ಟು ಅದರ ಮೇಲೆ ಪುಟ್ಟಮ್ಮ ಕಂಬಕ್ಕೊರಗಿ ಕುಳಿತಿದ್ದಾಳೆ. ಬೆಳಗಿನಿಂದ ನೋವು ಶುರುವಾಗಿದೆ, ತಿಂಗಳು ಇನ್ನೂ ತುಂಬಿಲ್ಲ. ಮುದುಕ ಮೂಲೆಯಲ್ಲಿ ಕಂಬಳಿಯೊಳಗೆ ಕೆಮ್ಮುತ್ತಿದ್ದಾನೆ. ಹೆಣ್ಣುಮಕ್ಕಳಿಬ್ಬರು ತಾಯಿಯ ತಲೆಯ ಮೇಲೆ ಚಾಪೆ ಹಿಡಿದು ನಿಂತಿದ್ದಾರೆ. ಕೆಂಚೇಗೌಡ ಸೂಲಗಿತ್ತಿಯನ್ನು ಕರೆತರಲು ಹರದನಹಳ್ಳಿಗೆ ಓಡಿದ್ದಾನೆ.

"ಇದೇನವ್ವ ಪುಟ್ಟಮ್ಮ, ಇಂಥಾ ಹೊತ್ನಲ್ಲಿ ಇಲ್ಲಿ ಕೂತಿದ್ದೀಯ?" ಎಂದಳಂತೆ ಅವ್ವ. "ಅಷ್ಟು ದೊಡ್ಡ ಡೇರೆ ಇರುವಾಗ ಬರ್ದೇ ಹೋದ್ರಲ್ಲ! ನಮ್ ಹತ್ರ ಎಂಥಾ ಸಂಕೋಚ?"

ಪುಟ್ಟಮ್ಮ ಹಲ್ಲು ಕಚ್ಚಿಕೊಂಡೇ ಹೇಳಿದಳಂತೆ: "ನೀವೇ ಬ್ಯಾಡ ಅಂದ್ರಂತಲ್ಲ ಅಮ್ಮಾರೇ... ಪೂಜೆಗೆ ಆಗಾಕಿಲ್ಲ ಅಂತ. ಗುಮಾಸ್ತ್ರು ಎಷ್ಟೋ ಏಳಿದ್ರಂತೆ. ಅದ್ರಾಗೆ ನಿಮ್ ತಪ್ಪೇನೂ ಇಲ್ಲ ಬುಡಿ."

ಗೌರಮ್ಮ ಹೇಳುವಂತೆ, ಅವ್ವ ಒಂದು ಉಸಿರು ತೆಗೆದುಕೊಂಡು ಬಿಡುವಷ್ಟು ಹೊತ್ತು ಸುಮ್ಮನಿದ್ದಳು. ಅಷ್ಟರಲ್ಲಿಯೇ ಅವಳಿಗೆ ಮಗ ಯಾರೆಂದು ಪೂರ್ತಿ ಗೊತ್ತಾಗಿರಬೇಕು. ಆಮೇಲೆ ಪುಟ್ಟಮ್ಮನ ತೋಳು ಹಿಡಿದು ಹೇಳಿದಳು: "ಊಂ ಕಣವ್ವ, ಅಂದಿದ್ದೆ, ಮರ್ತೇಬಿಟ್ಟಿದ್ದೆ ನೋಡು. ಮುದುಕಿಗೆ ಮಂಕು ಕವಿದಿತ್ತು. ಈಗ ನಾನೇ ಕರೀತಿದ್ದೀನಿ. ಏಳು, ಏಳು."

ಇದೊಂದೂ ಗೊತ್ತಿಲ್ಲದೆ ನಾನು ಕುರ್ಚಿಯಲ್ಲಿದ್ದೆ. ಅವ್ವ ಬಾಗಿಲಿನಲ್ಲಿ ನಿಂತಳು. ಅವಳ ಕೊಪ್ಪೆಯಿಂದ ನೀರು ಸುರಿಯುತ್ತಿತ್ತು. ಮೂಟೆಗಳನ್ನು ನೋಡಿದಳು. ತೊಟ್ಟಿಲನ್ನು, ಬೆತ್ತದ ಪೆಟ್ಟಿಗೆಗಳನ್ನು, ದೌತಿಯನ್ನು ನೋಡಿದಳು. ನನ್ನ ಮುಖವನ್ನು ನೋಡಲಿಲ್ಲ.

"ಆ ಮೇಜು ತೆಗಿ," ಎಂದಳು.

ಅಷ್ಟೇ. ನಾನು ಎದ್ದು ಮೇಜನ್ನು ಒಬ್ಬನೇ ಎತ್ತಿ ಮಳೆಗೆ ಒಯ್ದು ಹಾಕಿದೆ. ಕುರ್ಚಿಯನ್ನೂ ಹಾಕಿದೆ. ಪೆಟ್ಟಿಗೆಗಳನ್ನು ಎಸೆದೆ. ಸೂಲಗಿತ್ತಿಯೊಂದಿಗೆ ಓಡಿ ಬರುತ್ತಿದ್ದ ಕೆಂಚೇಗೌಡ, ನಾನು ನೆನೆದು ತೊಪ್ಪೆಯಾಗಿ ಸಾಮಾನು ಹೊರಗೆ ಹಾಕುತ್ತಿದ್ದುದನ್ನು ಕಂಡು, ಕೆಸರಿನಲ್ಲಿಯೇ ನಿಂತು ಕೈಮುಗಿದ. ಕುರ್ಚಿಯಲ್ಲಿ ಕುಳಿತು ಪಡೆದ ಎಲ್ಲ ನಮಸ್ಕಾರಗಳಿಗಿಂತ ಅದು ಭಾರವಾಗಿತ್ತು.

ಮಳೆ ನಿಲ್ಲುವ ಹೊತ್ತಿಗೆ, ಇನ್ನೂ ಬೆಳಕಿರುವಾಗಲೇ, ಮುಂದಿನ ಕೋಣೆಯಲ್ಲಿ ಹೆಣ್ಣುಮಗು ಹುಟ್ಟಿತು. ಮಗುವಿನ ಮೈ ಮೊದಲು ಒರೆಸಿದ್ದು ಅವ್ವ. ಅವಳ ಹೆಸರನ್ನೇ, ನಂಜಮ್ಮ ಎಂದು, ಕೆಂಚೇಗೌಡ ಮಗುವಿಗೆ ಇಟ್ಟ. ಬೀಳಿನ ಜನ 'ಡೇರೆ ನಂಜಿ' ಎಂದು ಕರೆದರು. ಆಮೇಲೆ ಎರಡು ತಿಂಗಳು ನಾವು ಹದಿನಾರು ಜನ, ಅಲ್ಲ, ಹದಿನೇಳು ಜನ, ಆ ಡೇರೆಯಲ್ಲಿಯೇ ಇದ್ದೆವು. ಅವ್ವನ ಪೂಜೆ ಮೂಡಲ ಮೂಲೆಯಲ್ಲಿ ನಡೆಯಿತು, ಪುಟ್ಟಮ್ಮನ ಒಲೆ ಬಾಗಿಲಿನ ಮರೆಯಲ್ಲಿ ಉರಿಯಿತು; ದೇವರು ಏನೂ ಅಂದುಕೊಳ್ಳಲಿಲ್ಲ. ಸಂಕ್ರಾಂತಿ ಕಳೆದು ಊರಿಗೆ ಮರಳುವಾಗ, ಒಬ್ಬರನ್ನೂ ಕಳೆದುಕೊಳ್ಳದೆ, ಎಲ್ಲರೂ ನಡೆದುಕೊಂಡೇ ಹೋದೆವು. ಆ ವರ್ಷ ಎಲ್ಲ ಮನೆಗಳವರೂ ಹಾಗೆ ಹೇಳುವಂತಿರಲಿಲ್ಲ. ಆದರೆ ಕೆಂಚೇಗೌಡನ ಅಪ್ಪನಿಗೆ ಆ ಮೂರು ದಿನದಲ್ಲಿ ಹತ್ತಿದ ಕೆಮ್ಮು ಬಿಡಲೇ ಇಲ್ಲ. ಮುಂದೆ ಎರಡು ವರ್ಷ, ಅವನು ಇದ್ದಷ್ಟು ದಿನವೂ, ನಮ್ಮ ನಡುಗೋಡೆಯಾಚೆಯಿಂದ ಅದು ಕೇಳಿಸುತ್ತಿತ್ತು. ಯಾರೂ ಅದರ ಕಾರಣ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಅವ್ವ ನನ್ನನ್ನು ಬಯ್ಯುತ್ತಾಳೆಂದು ಕಾದೆ. ಬಯ್ಯಲಿಲ್ಲ. ಊಟಕ್ಕೆ ಕರೆಯುವಾಗ, ಎಣ್ಣೆ ಒತ್ತುವಾಗ, ಮೊದಲಿನಂತೆಯೇ ಇದ್ದಳು. ಒಂದು ಮಧ್ಯಾಹ್ನ ಅವಳು ಒಬ್ಬಳೇ ಬತ್ತಿ ಹೊಸೆಯುತ್ತಿದ್ದಾಗ ಹತ್ತಿರ ಕುಳಿತು, "ಅವ್ವ, ಆ ಡೇರೆ ವಿಷಯ..." ಎಂದು ಶುರುಮಾಡಿದೆ. ಅವಳು ಬತ್ತಿಯಿಂದ ಕಣ್ಣೆತ್ತಲಿಲ್ಲ. "ಎಲ್ಲಾನೂ ಹೇಳಿ ಮುಗಿಸ್ಬುಡ್ಬೇಕೇನಪ್ಪ? ಒಸಿ ಒಳಗಿಟ್ಕೊ," ಎಂದಳು. ಕ್ಷಮಿಸಿದಳೋ, ಶಿಕ್ಷಿಸಿದಳೋ, ಇವತ್ತಿಗೂ ನನಗೆ ತಿಳಿಯದು. ಪುಟ್ಟಮ್ಮ ಮಾತ್ರ ಅವ್ವನ ಎದುರಿಗೇ, ಪ್ರೀತಿಯಿಂದಲೇ, ಬೀದಿಯ ಹೆಂಗಸರಿಗೆ ಹೇಳುವಳು: "ಮೊದ್ಲು ಅಮ್ಮಾರು ಬ್ಯಾಡ ಅಂದುಬುಟ್ಟಿದ್ರು ಕಣ್ರವ್ವ. ಆಮ್ಯಾಲೆ ತಾವೇ ಬಂದು ಕರ್ಕಂಡೋದ್ರು." ಅವ್ವ ನಕ್ಕು, "ಊಂ, ಬುದ್ಧಿ ಇರ್ಲಿಲ್ಲ ನಂಗೆ" ಎನ್ನುವಳು. ನಾನು ಅಲ್ಲಿದ್ದರೆ ಎದ್ದು ಹೋಗುತ್ತಿದ್ದೆ.

ಯುದ್ಧದ ವರ್ಷಗಳಲ್ಲಿ ನನಗೆ ಚನ್ನರಾಯಪಟ್ಟಣಕ್ಕೆ ವರ್ಗವಾಯಿತು. ಅವ್ವ ಅಲ್ಲಿಯೇ ತೀರಿಕೊಂಡಳು. ಅವಳ ಮೇಲೆ ನಾನು ಹೊರಿಸಿದ್ದ ಮಾತನ್ನು ಹೊತ್ತುಕೊಂಡೇ ಹೋದಳು. ಅದು ನನ್ನನ್ನು ಕೊರೆಯತೊಡಗಿತು. ಹೋದ ಚೈತ್ರದಲ್ಲಿ ಒಂದು ದಿನ ಗಟ್ಟಿ ಮನಸ್ಸು ಮಾಡಿ ಇದ್ದಿಲು ಗ್ಯಾಸಿನ ಬಸ್ಸು ಹತ್ತಿ ಹೊಳೆನರಸೀಪುರಕ್ಕೆ ಹೋದೆ. ಕೆಂಚೇಗೌಡ ತಲೆ ನರೆತು, ಜಗುಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದ. ಪುಟ್ಟಮ್ಮ ಮಜ್ಜಿಗೆ ತಂದಳು. ಹನ್ನೊಂದು ವರ್ಷದ ನಂಜಿ ಬಾಗಿಲ ಕಂಬ ಹಿಡಿದು ನಿಂತಿದ್ದಳು. ನಾನು ಮಜ್ಜಿಗೆಯ ಲೋಟ ಕೆಳಗಿಟ್ಟು, ಬೇಗ ಬೇಗ, ಎಲ್ಲವನ್ನೂ ಹೇಳಿದೆ. ಅವ್ವ ಬೇಡವೆನ್ನಲಿಲ್ಲ, ಬೇಡವೆಂದವನು ನಾನು, ಮೇಜಿಗಾಗಿ, ಸುಳ್ಳು ಹೇಳಿದೆ, ಅವಳು ನನ್ನ ಮಾನ ಉಳಿಸಲು ತಪ್ಪನ್ನು ತನ್ನ ಮೇಲೆ ಎಳೆದುಕೊಂಡಳು.

ಕೆಂಚೇಗೌಡ ಹೊಸೆಯುತ್ತಿದ್ದ ಹಗ್ಗವನ್ನು ಕೆಳಗಿಟ್ಟ. ಅವನ ಕಣ್ಣು ತುಂಬಿತು. ಹೆಂಡತಿಯ ಕಡೆ ತಿರುಗಿದ.

"ಕೇಳ್ದೇನಮ್ಮಿ? ಸತ್ತೋದ ತಾಯಿ ಮ್ಯಾಲೆ ಒಂದ್ ಮಾತು ಉಳೀಬಾರ್ದು ಅಂತ, ತಪ್ಪೆಲ್ಲ ತನ್ ಮ್ಯಾಲೆ ಆಕ್ಕಂತಾವ್ರೆ. ಮಗ ಅಂದ್ರೆ ಇಂಗಿರ್ಬೇಕು ಕಣೆ."

"ಅಲ್ಲಯ್ಯ! ನಿಜ ಹೇಳುತ್ತಿದ್ದೇನೆ. ಬೇಡವೆಂದವನು ನಾನೇ!"

"ಬುಡಿ ಸಾ, ಗೊತ್ತದೆ ನಂಗೆ. ಮೇಜಂತೆ ಮೇಜು! ಆ ಮೇಜ ನೀವೇ ಎತ್ಕಂಡೋಗಿ ಮಳೇಲಿ ಬಿಸಾಕಿದ್ದ ನನ್ ಕಣ್ಣಾರ ಕಂಡಿವ್ನಿ."

ನಾನು ಎಷ್ಟು ಆಣೆಯಿಟ್ಟರೆ ಅಷ್ಟು ಅವನ ಕಣ್ಣಲ್ಲಿ ದೊಡ್ಡವನಾದೆ. ಪುಟ್ಟಮ್ಮ ಸೆರಗಿನಿಂದ ಮೂಗೊರೆಸಿಕೊಂಡು, "ನಂಜಿ, ಬಾ, ಕಾಲಿಗ್ ಬೀಳು. ಇಂಥೋರ್ ಆಶೀರ್ವಾದ ಸಿಕ್ಕಾಕಿಲ್ಲ" ಎಂದಳು. ಹುಡುಗಿ ಬಂದು ಕಾಲಿಗೆ ಬಿದ್ದಳು. ನಾನು ಆಶೀರ್ವಾದ ಮಾಡಿದೆ. ಬೇರೆ ಏನು ಮಾಡಲು ಸಾಧ್ಯವಿತ್ತು?

ಬಸ್ಸಿನವರೆಗೆ ದಾರಿ ತೋರಿಸಲು ನಂಜಿಯನ್ನು ಕಳಿಸಿದರು. ನನ್ನ ಹುಟ್ಟೂರಿನಲ್ಲಿ ನನಗೆ ದಾರಿ! ಅರ್ಧ ದೂರ ನಡೆದ ಹುಡುಗಿ ಇದ್ದಕ್ಕಿದ್ದಂತೆ ಕೇಳಿದಳು:

"ಸಾ, ನೀವು ಏಳಿದ್ದು ನಿಜ ಅಲ್ವಾ?"

ನಾನು ತಿರುಗಿ ಅವಳನ್ನು ನೋಡಿದೆ. "ನಿಜ ಕಣಮ್ಮ. ನಿನಗೆ ಹೇಗೆ ಗೊತ್ತಾಯಿತು?"

"ಒಳ್ಳೇದು ಏಳ್ಕಳೋವಾಗ ಯಾರೂ ಅಷ್ಟೊಂದು ಬೆವ್ರಾಕಿಲ್ಲ." ನಾಲ್ಕು ಹೆಜ್ಜೆ ಹೋದ ಮೇಲೆ ಮತ್ತೆ, "ಏಳಿದ್ಮ್ಯಾಲೆ ಅಗುರಾಯ್ತಾ ನಿಮ್ಗೆ?"

"ಇಲ್ಲಮ್ಮ."

ಹುಣಿಸೆಮರದಡಿ ಬಸ್ಸು ಹೊಗೆಯುಗುಳುತ್ತಾ ನಿಂತಿತ್ತು, ಕಂಡಕ್ಟರು ಕೂಗುತ್ತಿದ್ದ. ನಾನು ಹತ್ತಿ ಕಿಟಕಿಯ ಪಕ್ಕ ಕುಳಿತೆ. ನಂಜಿ ಕೆಳಗಿನಿಂದ ಕತ್ತು ಎತ್ತಿ, ಬೇರೆ ಯಾರಿಗೂ ಕೇಳಿಸದಂತೆ, ದೊಡ್ಡವರು ಚಿಕ್ಕವರಿಗೆ ಹೇಳುವ ಹಾಗೆ ಹೇಳಿದಳು:

"ನಮ್ಮಪ್ಪನ್ ತಾವ ಮಾತ್ರ ಇನ್ನೊಂದ್ಸಲ ಏಳಾಕ್ ಓಗ್ಬೇಡಿ ಸಾ. ನೀವ್ ಇನ್ನೂ ಒಳ್ಳೇರು ಅನ್ಕಂಬುಡ್ತಾನೆ."

ಅದಕ್ಕೇ ಅವನಿಗೆ ಹೇಳುವುದನ್ನು ಬಿಟ್ಟು ನಿಮಗೆ ಹೇಳಿದ್ದೇನೆ. ಇಷ್ಟನ್ನೂ ಓದಿ, "ಪಾಪ, ಎಷ್ಟು ನಿಷ್ಕಪಟವಾಗಿ ಒಪ್ಪಿಕೊಂಡಿದ್ದಾನೆ" ಎಂದು ನೀವೂ ನನ್ನನ್ನು ಮೆಚ್ಚಿಕೊಂಡುಬಿಟ್ಟರೆ, ನಾನು ಇನ್ನು ಯಾರ ಹತ್ತಿರ ಹೋಗಲಿ?